ಪೋರ್ಟೊ ಬಿಯರ್ ಲೋಟದಲ್ಲಿ ರೈತನ ಪಾಲು ಎಷ್ಟು?

ಪೋರ್ಚುಗಲ್‌ನ ಪೋರ್ಟೊಗೆ ಹೋಗಿ ಬಂದೆ ಅಂದ ತಕ್ಷಣ ಡೇರಿ ಹತ್ರ ಎಲ್ಲರೂ ಕೇಳೋದು ವೈನ್ ಬಗ್ಗೆ. ಊರಿನ ಹೆಸರೇ ಪೋರ್ಟ್ ವೈನ್‌ಗೆ ಬಂದಿರೋದರಿಂದ ಅದು ಸಹಜ. ಆದರೆ ನನ್ನ ತಲೆಯಲ್ಲಿ ಉಳಿದದ್ದು ಅಲ್ಲಿನ ಸಣ್ಣ ಸಣ್ಣ ಬಿಯರ್ ಅಂಗಡಿಗಳು. ನಮ್ಮ ಹುಡುಗರಲ್ಲಿ ಕೆಲವರು "ಇಂಥ ಬ್ರೂವರಿ ಬಂದರೆ ರೈತರಿಗೆ ಒಳ್ಳೆ ಕಾಲ" ಅಂತಾರಲ್ಲ, ಅದಕ್ಕೇ ಇದನ್ನ ಬರೀತಿದೀನಿ. ಬ್ರೂವರಿ ಸಣ್ಣದಾದ ಮಾತ್ರಕ್ಕೆ ರೈತನ ಜೇಬು ತುಂಬಲ್ಲ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

ಪೋರ್ಚುಗಲ್‌ನಲ್ಲಿ ಬಿಯರ್ ಅಂದರೆ ಬಹಳ ಕಾಲದಿಂದ ಎರಡೇ ಹೆಸರು. ಲಿಸ್ಬನ್ ಕಡೆ ಸಾಗ್ರೆಸ್, ಪೋರ್ಟೊ ಕಡೆ ಸೂಪರ್ ಬಾಕ್. ಸಣ್ಣ ಬ್ರೂವರಿಗಳು ಜೋರಾಗಿದ್ದು ಈಚಿನ ಹತ್ತು ಹದಿನೈದು ವರ್ಷದಲ್ಲಿ. ಪೋರ್ಟೊ ಊರೊಳಗೇ ನೊರ್ಟಾಡ ಅಂತ ಒಂದಿದೆ. ಕುಡಿಯೋರ ಕಣ್ಣೆದುರೇ ಬಿಯರ್ ಕಾಯಿಸೋ ಸ್ಟೀಲ್ ಟ್ಯಾಂಕುಗಳು, ನಮ್ಮ ಬಿಎಂಸಿ ಟ್ಯಾಂಕನ್ನ ನಿಲ್ಲಿಸಿದ ಹಾಗೆ. ಲೆಟ್ರಾ ಅನ್ನೋ ಇನ್ನೊಂದು ಕಂಪನಿ ವಿಲಾ ವೆರ್ದೆ ಅನ್ನೋ ಹಳ್ಳಿಗಾಡಿನ ಪಟ್ಟಣದಲ್ಲಿ ಬಿಯರ್ ಮಾಡಿ, ಪೋರ್ಟೊದಲ್ಲಿ ಗಿಡಮರ ಇರೋ ಹಿತ್ತಲಲ್ಲಿ ಅಂಗಡಿ ಇಟ್ಟಿದೆ. ಅವರ ಬಿಯರ್‌ಗಳಿಗೆ ಎ, ಬಿ, ಸಿ, ಡಿ ಅಂತ ಅಕ್ಷರಗಳೇ ಹೆಸರು. 200 ಎಂಎಲ್ ಲೋಟಕ್ಕೆ ಅಲ್ಲಿ "ಫೀನು" ಅಂತಾರೆ.

ಬಿಯರ್ ಜೊತೆ ಟ್ರೆಮೊಸು ಅನ್ನೋ ಹಳದಿ ಕಾಳು ಕೊಡ್ತಾರೆ. ಇದು ಲುಪಿನ್ ಗಿಡದ ಕಾಳು, ನಮ್ಮ ಅವರೆ ಹುರುಳಿ ಥರ ನೆಲಕ್ಕೆ ಸಾರಜನಕ ಕೊಡೋ ಬೆಳೆ. ಹಸಿ ಕಾಳು ವಿಪರೀತ ಕಹಿ. ಬೇಯಿಸಿ, ದಿನಗಟ್ಟಲೆ ನೀರು ಬದಲಾಯಿಸ್ತಾ ನೆನೆಸಿ, ಉಪ್ಪುನೀರಲ್ಲಿ ಇಡ್ತಾರೆ. ತಿನ್ನೋದು ಥೇಟ್ ನಮ್ಮ ಹಿತಕಿದ ಅವರೆ ಥರ, ಬೆರಳಲ್ಲಿ ಹಿತುಕಿ ಸಿಪ್ಪೆ ಬಿಡಿಸಿ.

ಈಗ ಲೆಕ್ಕಕ್ಕೆ ಬರೋಣ. ಸಾಮಾನ್ಯ ಬಿಯರ್ ಒಂದು ಲೀಟರಿಗೆ ಸುಮಾರು 200 ಗ್ರಾಂ ಮಾಲ್ಟ್ ಬೇಕು. ಮಾಲ್ಟ್ ಅಂದರೆ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ. ಒಂದು ಫೀನುಗೆ 40 ಗ್ರಾಂ. ಕೆಜಿ ಮಾಲ್ಟಿಗೆ 50 ರೂಪಾಯಿ ಅಂತಿಟ್ಟುಕೊಂಡರೂ ಲೋಟಕ್ಕೆ 2 ರೂಪಾಯಿ. ಅದರಲ್ಲೂ ಮಾಲ್ಟ್ ಮಾಡೋನ ಖರ್ಚು ಕಳೆದು ಉಳಿದದ್ದು ರೈತನಿಗೆ. ನಾನು ಆ ಲೋಟಕ್ಕೆ ಕೊಟ್ಟಿದ್ದು 3 ಯೂರೊ, ನಮ್ಮ ದುಡ್ಡಲ್ಲಿ 270ಕ್ಕೂ ಮೇಲೆ. ಮಿಕ್ಕಿದ್ದೆಲ್ಲ ಬಾಡಿಗೆ, ಸಂಬಳ, ತೆರಿಗೆ, ಕರೆಂಟು, ಲಾಭ. ನಾನು ಕೇಳಿದ ಅಂಗಡಿಯಲ್ಲಿ ಮಾಲ್ಟ್ ಮೂಟೆ ಬರೋದು ಹೊರದೇಶದಿಂದ ಅಂದರು. ಬೋರ್ಡಿನ ಮೇಲೆ ಬಿಯರ್ ಮಾಡಿದವನ ಹೆಸರಿತ್ತು, ಬೆಳೆದವನ ಹೆಸರಿರಲಿಲ್ಲ.

ಅದೇ ಊರಿನ ವೈನ್ ಕಥೆ ಬೇರೆ. ದ್ರಾಕ್ಷಿ ಕಿತ್ತ ಮೇಲೆ ಬೇಗ ಹಿಂಡಲೇಬೇಕು, ದೂರ ಹೋಗಲ್ಲ. ಹಾಗಾಗಿ ವೈನ್ ನೆಲಕ್ಕೆ ಅಂಟಿಕೊಂಡಿದೆ. ಬಾರ್ಲಿ ಒಣಗಿದ ಕಾಳು, ಹಡಗು ಹತ್ತಿ ಎಲ್ಲಿಗೆ ಬೇಕಾದರೂ ಹೋಗುತ್ತೆ. 1756ರಲ್ಲೇ ಮಂತ್ರಿ ಪೊಂಬಾಲ್ ದೊರೊ ಕಣಿವೆಗೆ ಗಡಿ ಗುರುತಿಸಿ, ನಮ್ಮ ಬಾಂದುಕಲ್ಲಿನ ಥರ ಗ್ರಾನೈಟ್ ಕಲ್ಲು ನೆಡಿಸಿದ. ಪೋರ್ಟ್ ವೈನಿನ ದ್ರಾಕ್ಷಿ ಆ ಗಡಿ ಒಳಗೇ ಬೆಳೆದಿರಬೇಕು. ಎಲ್ಲಾ ಸುಸೂತ್ರ ಆಯ್ತು ಅಂತಲ್ಲ. ಮಾರಾಟದ ಹಿಡಿತ ಒಂದೇ ಕಂಪನಿಗೆ ಹೋಯ್ತು ಅಂತ ಮರುವರ್ಷ ಪೋರ್ಟೊದ ಹೆಂಡದಂಗಡಿಯವರು ದಂಗೆ ಎದ್ದರು, ಕೆಲವರನ್ನ ಗಲ್ಲಿಗೂ ಹಾಕಿದರು. ಆದರೂ ಊರಿನ ಹೆಸರು ನೆಲಕ್ಕೆ ಉಳೀತು.

ನಮ್ಮ ಕಡೆ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೀತೀವಿ. ಅದರಿಂದ ಮಾಡೋ ಸಿಹಿ ವೈನಿಗೆ ಬಾಟ್ಲಿ ಮೇಲೆ "ಪೋರ್ಟ್" ಅಂತ ಹಾಕಿ ಮಾರ್ತಾರೆ. ಬೆಳೆದಿದ್ದು ನಾವು, ಹೆಸರು ಪೋರ್ಚುಗಲ್ ಊರಿಂದು! ಬೆಂಗಳೂರು ಬ್ಲೂಗೆ ಜಿಐ ಮಾನ್ಯತೆ ಇದೆ. ಆ ಹೆಸರು ಬಾಟ್ಲಿ ಮೇಲೆ ದಪ್ಪಕ್ಷರದಲ್ಲಿ ಬರಲಿ ಅಂತ ಬೆಳೆಗಾರರೇ ಕೇಳಬೇಕು.

ಹಾಗಾದರೆ ಬಿಯರ್‌ನಿಂದ ನಮಗೆ ಏನೂ ಇಲ್ವಾ? ಎರಡು ಜಾಗ ಇದೆ.

ಮೊದಲನೇದು, ಹೊರಗಿಂದ ತರಲಾಗದ ಪದಾರ್ಥ. ಪೋರ್ಚುಗಲ್‌ನ ಕೆಲವು ಸಣ್ಣ ಬ್ರೂವರಿಗಳು ಸ್ಥಳೀಯ ಚೆಸ್ಟ್‌ನಟ್, ಹಣ್ಣು, ಜೇನು ಹಾಕ್ತಾರೆ, ಪೋರ್ಟ್ ವೈನ್ ಇಟ್ಟಿದ್ದ ಮರದ ಪೀಪಾಯಿಯಲ್ಲಿ ಬಿಯರ್ ಇಡ್ತಾರೆ. ಬೆಂಗಳೂರಿನ ಮೈಕ್ರೋಬ್ರೂವರಿಗಳೂ ಮಾವು, ಕಾಫಿ, ರಾಗಿ ಹಾಕಿ ನೋಡಿದಾರೆ. ಪ್ರಮಾಣ ಕಡಿಮೆ, ಒಪ್ತೀನಿ. ಮಂಡಿಯಿಂದ ಕೊಂಡರೆ ನಮಗೆ ಅದೂ ಇಲ್ಲ. ನೇರವಾಗಿ, ಬರವಣಿಗೆಯಲ್ಲಿ ರೇಟು ಮಾಡಿಕೊಂಡು, ತೋಟದ ಹೆಸರು ಬೋರ್ಡಿಗೆ ಹಾಕ್ತೀವಿ ಅಂದರೆ ಮಾತ್ರ ಕೊಡಬೇಕು.

ಎರಡನೇದು ಬಾರ್ಲಿ ಹೊಟ್ಟು, ನಾವು ಬಿಯರ್ ವೇಸ್ಟ್ ಅಂತೀವಲ್ಲ ಅದು. ನನಗೆ ಇದೇ ಮುಖ್ಯ. ಹಸಿ ಹೊಟ್ಟಲ್ಲಿ ಮುಕ್ಕಾಲು ಭಾಗ ನೀರು, ಆದರೆ ಒಣ ಅಂಶದಲ್ಲಿ ಶೇ. 20ಕ್ಕೂ ಹೆಚ್ಚು ಪ್ರೋಟೀನ್. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೇ ಹುಳಿ ಬರುತ್ತೆ. ಬೂಸ್ಟು ಕಂಡರೆ ಹಸುಗೆ ಹಾಕಲೇಬೇಡಿ. ಗಾಳಿಯಾಡದ ಡ್ರಮ್ಮಲ್ಲಿ ತುಳಿದು ತುಂಬಿದರೆ ರಸಮೇವಿನ ಥರ ಉಳಿಯುತ್ತೆ. ಒಂದೇ ಸಲ ಜಾಸ್ತಿ ಹಾಕದೆ, ಸ್ವಲ್ಪದಿಂದ ಶುರು ಮಾಡಿ, ಒಣಮೇವು ಬಿಡದೆ ಕೊಡಿ. ಒಬ್ಬೊಬ್ಬರೇ ಗಾಡಿ ಕಳಿಸಿದರೆ ಡೀಸೆಲ್ಲಿಗೇ ಹೋಗುತ್ತೆ, ಆರೇಳು ಮನೆ ಸೇರಿದರೆ ಗಿಟ್ಟುತ್ತೆ.

ಒಂದು ಎಚ್ಚರಿಕೆ. ಬಿಯರ್‌ಗೆ ಕಹಿ ಕೊಡೋ ಹಾಪ್ಸ್ ಬಳ್ಳಿ ಸಸಿ ಮಾರೋಕೆ ಯಾರಾದ್ರೂ ಬಂದರೆ ದುಡ್ಡು ಬಿಚ್ಚಬೇಡಿ. ಅದಕ್ಕೆ ಬೇಸಿಗೆಯಲ್ಲಿ ಬಹಳ ಉದ್ದದ ಹಗಲು, ಚಳಿಗಾಲದಲ್ಲಿ ಗಡಗಡ ಚಳಿ ಬೇಕು. ಪೋರ್ಟೊ ಇರೋದು 41 ಡಿಗ್ರಿ ಉತ್ತರದಲ್ಲಿ, ನಾವು 13ರಲ್ಲಿ. ಪೋರ್ಚುಗಲ್‌ನ ಬ್ರಗಾನ್ಸ ಸೀಮೆಯಲ್ಲೇ ಹಿಂದೆ ಬೆಳೀತಿದ್ದ ಹಾಪ್ಸ್ ಈಗ ಬಹಳ ಕಮ್ಮಿ ಆಗಿದೆ.

ಕುಡಿತ ಹೊಗಳ್ತಿದಾನೆ ಅನ್ಕೋಬೇಡಿ. 2007ರಲ್ಲಿ ಸಾರಾಯಿ ನಿಂತರೂ ಕುಡಿತದಿಂದ ಹಾಳಾಗೋ ಮನೆ ನಿಂತಿಲ್ಲ, ಅದನ್ನ ಹೆಂಗಸರು ನನಗಿಂತ ಚೆನ್ನಾಗಿ ಹೇಳ್ತಾರೆ. ನಮ್ಮೂರಿಗೆ ಬಾರ್ ಬೇಕು ಅಂತ ನಾನು ಹೇಳಲ್ಲ. ಬೆಂಗಳೂರಲ್ಲಿ ಹೇಗೂ ಬ್ರೂವರಿ ನಡೀತಿವೆ, ನಡೆಯೋ ಕಡೆ ನಮ್ಮ ಪಾಲು ಎಷ್ಟು ಅನ್ನೋದಷ್ಟೇ ನನ್ನ ಪ್ರಶ್ನೆ.

ಹೊಟ್ಟು ತರಿಸೋಕೆ ಜೊತೆ ಸೇರೋರು ಮುಂದಿನ ಬಟವಾಡೆ ದಿನ ಡೇರಿ ಹತ್ರ ಸಿಗಿ. ಯಾರ ಮನೇಲಿ ಎಷ್ಟು ಕರೆಯೋ ಹಸು ಇದೆ ಅಂತ ಬರ್ಕೊಂಡು ಬನ್ನಿ, ಅಲ್ಲೇ ಲೆಕ್ಕ ಹಾಕೋಣ.