ಹಳೆಯ ಬೀಜ, ಹೊಸ ವಿಜ್ಞಾನ

ಬರ, ನೆರೆ, ಬಿರುಬಿಸಿಲುಗಳನ್ನು ತಾಳಬಲ್ಲ ಬೆಳೆಗಳ ಸಂಶೋಧನೆಯನ್ನು ಕುರಿತು ನಮ್ಮಲ್ಲಿ ಎರಡು ಅಭಿಪ್ರಾಯಗಳುಂಟು. ಪ್ರಯೋಗಶಾಲೆಯೊಂದೇ ಅನ್ನವನ್ನು ಉಳಿಸೀತೆಂಬುದು ಒಂದು. ಹಿರಿಯರ ಬೀಜಗಳಿಗೆ ಮರಳಿದರೆ ಸಾಕೆಂಬುದು ಇನ್ನೊಂದು. ಇವೆರಡೂ ಅರ್ಧಸತ್ಯಗಳೆಂಬುದಕ್ಕೆ ಭತ್ತದ ವೃತ್ತಾಂತವೊಂದು ಸಾಕ್ಷಿಯಾಗಿದೆ.

ಭತ್ತವು ನೀರಿನ ಪೈರಾದರೂ ಪೂರ್ತಿ ಮುಳುಗಿದರೆ ಬಹುಕಾಲ ಬದುಕಲಾರದು. ನೀರಿನಿಂದ ತಲೆಯೆತ್ತುವ ಆತುರದಲ್ಲಿ ಸಾಮಾನ್ಯ ತಳಿಗಳು ನೀಳವಾಗಿ ಬೆಳೆಯಹೊರಟು, ಕೂಡಿಟ್ಟ ಸತ್ತ್ವವನ್ನೆಲ್ಲ ವ್ಯಯಿಸಿ, ನೆರೆ ಇಳಿಯುವ ವೇಳೆಗೆ ಸೊರಗಿ ಸಾಯುತ್ತವೆ. ಒಡಿಶಾದ ನಾಟಿ ಭತ್ತದಿಂದ ಆಯ್ದ ಎಫ್‌ಆರ್ ೧೩ಎ ಎಂಬ ತಳಿಯ ನಡೆ ಬೇರೆ. ಮುಳುಗಿದಾಗ ಅದು ಬೆಳವಣಿಗೆಯನ್ನು ತಡೆಹಿಡಿದು, ಕಸುವನ್ನು ಕಾಯ್ದಿಟ್ಟುಕೊಂಡು, ನೀರಿಳಿದ ಮೇಲೆ ಮತ್ತೆ ಚಿಗುರುತ್ತದೆ. ಆದರೆ ಅದರ ಇಳುವರಿ ಕಡಿಮೆ. ಅದೊಂದನ್ನೇ ನೆಚ್ಚಿ ರೈತನು ಸಂಸಾರ ತೂಗಿಸಲಾರನು.

೧೯೯೬ರಲ್ಲಿ ಕೆನಾಂಗ್ ಷು ಮತ್ತು ಡೇವಿಡ್ ಮೆಕಿಲ್ ಎಂಬ ವಿಜ್ಞಾನಿಗಳು ಈ ಗುಣದ ನೆಲೆಯನ್ನು ಭತ್ತದ ಒಂಬತ್ತನೆಯ ವರ್ಣತಂತುವಿನಲ್ಲಿ ಗುರುತಿಸಿದರು. ೨೦೦೬ರಲ್ಲಿ 'ಸಬ್೧ಎ' ಎಂಬ ಜೀನು ಬೆಳಕಿಗೆ ಬಂದಿತು. ಈ ಗುಣವನ್ನು ರೈತರ ಮೆಚ್ಚಿನ 'ಸ್ವರ್ಣ' ತಳಿಗೆ ಸಂಕರದಿಂದ ಸೇರಿಸಿ ಪಡೆದ 'ಸ್ವರ್ಣ-ಸಬ್೧' ೨೦೦೯ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಸುಮಾರು ಎರಡು ವಾರಗಳ ಮುಳುಗಡೆಯನ್ನು ಅದು ತಾಳಬಲ್ಲದು. ನೆರೆಯಿಲ್ಲದ ವರ್ಷಗಳಲ್ಲಿ ಇಳುವರಿಯಲ್ಲಿ ಸ್ವರ್ಣಕ್ಕೆ ಸಮನಾಗಿಯೇ ನಿಲ್ಲುತ್ತದೆ.

ಒಡಿಶಾದ ಆ ಬೀಜ ಕಳೆದುಹೋಗಿದ್ದರೆ ವಿಜ್ಞಾನಿಗಳಿಗೆ ಅದರಿಂದ ಪಡೆಯಲು ಏನೂ ಉಳಿಯುತ್ತಿರಲಿಲ್ಲ. ವಿಜ್ಞಾನಿಗಳಿಲ್ಲದಿದ್ದರೆ ಆ ಗುಣ ಸ್ವರ್ಣದ ಗದ್ದೆಗೆ ಇಳಿಯುತ್ತಿರಲಿಲ್ಲ. ನೆಲೆಯನ್ನು ಗುರುತಿಸಿದ ಮೇಲೂ ಹದಿಮೂರು ವರ್ಷಗಳು ಬೇಕಾದವೆಂಬುದನ್ನು ದಾನಿಗಳು ಗಮನಿಸಬೇಕು. ವರ್ಷದೊಳಗೆ ಫಲವನ್ನು ಕೇಳುವ ನೆರವು ಇಂಥ ಕಾರ್ಯಕ್ಕೆ ಸಾಲದು.

ಬರದ ಸಮಸ್ಯೆ ಇದಕ್ಕಿಂತ ಜಟಿಲವಾದುದು. ಬೇರಿನ ಆಳ, ಎಲೆಯ ನೀರಿನ ಮಿತವ್ಯಯ, ಹೂಬಿಡುವ ಕಾಲ ಇವೆಲ್ಲವೂ ಅಲ್ಲಿ ಕೂಡಿಬರಬೇಕು. ಒಂದೇ ಜೀನಿನಿಂದ ಅದು ತೀರದು. ಆದುದರಿಂದ ಬಗೆಬಗೆಯ ಬೀಜಗಳು ಉಳಿಯಬೇಕು. ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ನೆಲದ ಹಸಿಯನ್ನೇ ನಂಬಿ ಹಿಂಗಾರಿನಲ್ಲಿ ಬೆಳೆಯುವ ಎಂ ೩೫-೧ ಜೋಳವೂ ಮಾಲದಂಡಿಯೆಂಬ ನಾಟಿ ಜೋಳದಿಂದ ಆಯ್ದುದೇ ಆಗಿದೆ.

ಯಾವ ಬೀಜ ನಾಳೆ ಬೇಕಾದೀತೆಂದು ಇಂದು ಹೇಳಲಾಗದು. ಕಳೆದುಕೊಂಡುದನ್ನು ಮಾತ್ರ ಮರಳಿ ತರಲಾಗದು. ಪ್ರತಿ ಗ್ರಾಮೀಣ ಶಾಲೆಯ ಹಿತ್ತಲಲ್ಲಿ ಊರಿನ ಹಳೆಯ ಬೀಜಗಳ ನಾಲ್ಕು ಸಾಲುಗಳಿರಲಿ. ಬೀಜದ ಹೆಸರು, ಊರು, ಅದು ತಾಳಿದ ಬರ ಇವನ್ನು ವಿದ್ಯಾರ್ಥಿಗಳು ಹಿರಿಯ ರೈತರಿಂದ ಕೇಳಿ ಬರೆದಿಡಲಿ; ಬೀಜದ ಒಂದು ಪಾಲು ಕೃಷಿ ವಿಶ್ವವಿದ್ಯಾಲಯಕ್ಕೆ ತಲುಪಲಿ. ಕಟ್ಟಡಗಳಿಗೆ ಉದಾರವಾಗಿ ನೆರವಾಗುವ ಹಳೆಯ ವಿದ್ಯಾರ್ಥಿಗಳು ಈ ನಾಲ್ಕು ಸಾಲುಗಳ ಹೊಣೆಯನ್ನೂ ಹೊರುವುದು ಉಚಿತವಾದೀತು.