ಕ್ರೀಡಾಂಗಣದಲ್ಲಿ ಬಡ ವಿದ್ಯಾರ್ಥಿಯ ಸ್ಥಾನ

ವಿದ್ಯಾಭ್ಯಾಸವೆಂದರೆ ಪುಸ್ತಕಗಳ ಓದು ಮಾತ್ರವೆಂದು ಈಗ ಯಾರೂ ಹೇಳುವುದಿಲ್ಲ. ಬುದ್ಧಿಯೊಡನೆ ದೇಹವೂ ಬೆಳೆಯಬೇಕು, ಆಟಪಾಟಗಳಿಂದ ಶಿಸ್ತು, ಧೈರ್ಯ, ಪರಸ್ಪರ ಸಹಕಾರ ಮೊದಲಾದ ಗುಣಗಳು ಮೈಗೂಡುತ್ತವೆ ಎಂಬ ಮಾತನ್ನು ಪ್ರತಿವರ್ಷವೂ ಕ್ರೀಡೋತ್ಸವದ ವೇದಿಕೆಯಿಂದ ನಾವು ಕೇಳುತ್ತಲೇ ಇದ್ದೇವೆ. ಆ ಮಾತು ನಿಜವೆಂದು ಒಪ್ಪಿದ ಮೇಲೆ ಇನ್ನೊಂದು ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ. ಈ ಲಾಭವು ಎಲ್ಲ ಮಕ್ಕಳಿಗೂ ದೊರೆಯುತ್ತಿದೆಯೇ? ಬೂಟು ಕೊಳ್ಳಬಲ್ಲವನಿಗೆ ಮೈದಾನ, ಕೊಳ್ಳಲಾರದವನಿಗೆ ಮೈದಾನದ ಅಂಚು ಎಂಬಂತಾದರೆ ಕ್ರೀಡೆಯ ಗುಣಗಳನ್ನು ಎಷ್ಟು ಕೊಂಡಾಡಿದರೇನು ಫಲ?

ತುರ್ಭೆಯ ನಿವಾಸಿಗಳಾದ ನಮಗೆ ಈ ಪ್ರಶ್ನೆ ದೂರದ್ದಲ್ಲ. ಒಂದು ಕಡೆ ಠಾಣೆ–ಬೇಲಾಪುರ ರಸ್ತೆಯ ಉದ್ದಕ್ಕೂ ಹಬ್ಬಿದ ಕಾರ್ಖಾನೆಗಳು. ಇನ್ನೊಂದು ಕಡೆ ಮುಂಬಯಿ ಮಹಾನಗರಕ್ಕೆ ಕಾಳುಕಡಿ, ಹಣ್ಣುಹಂಪಲು, ತರಕಾರಿಗಳನ್ನು ಒದಗಿಸುವ ಕೃಷಿ ಉತ್ಪನ್ನ ಮಾರುಕಟ್ಟೆ. ಮೂಡಲಿಗೆ ಕಲ್ಲುಗಣಿಗಳು ಕೊರೆದ ಗುಡ್ಡಗಳು. ಕಲಬುರಗಿ, ವಿಜಯಪುರ, ಯಾದಗಿರಿಗಳ ಕಡೆಯಿಂದ ಮಳೆಯನ್ನು ನಂಬಿ ಕೆಟ್ಟು ಬಂದ ಅನೇಕ ಕುಟುಂಬಗಳು ಇಲ್ಲಿ ಕಲ್ಲೊಡೆದು, ಗಾರೆ ಹೊತ್ತು, ಮೂಟೆಗಳನ್ನಿಳಿಸಿ ತಮ್ಮ ಬದುಕನ್ನು ಕಟ್ಟಿಕೊಂಡಿವೆ. ಅಂತಹ ಮನೆಯ ಮಕ್ಕಳು ನಮ್ಮೊಡನೆ ಒಂದೇ ಬೆಂಚಿನ ಮೇಲೆ ಕುಳಿತು ಓದುತ್ತಾರೆ. ಶಾಲೆಯ ಗಂಟೆ ಬಾರಿಸಿದ ಮೇಲೆ ನಮ್ಮಲ್ಲಿ ಕೆಲವರು ಆಟಕ್ಕೆ ಓಡುತ್ತೇವೆ. ಅವರು ನಳದ ನೀರು ಹಿಡಿಯುವುದಕ್ಕೋ ತಮ್ಮ ತಂಗಿಯರನ್ನು ನೋಡಿಕೊಳ್ಳುವುದಕ್ಕೋ ಓಡುತ್ತಾರೆ. ಓಟವೇನೋ ಇಬ್ಬರದೂ ಒಂದೇ, ಗುರಿ ಮಾತ್ರ ಬೇರೆ.

ತುರ್ಭೆಯಿಂದ ರೈಲಿನಲ್ಲಿ ಹೊರಟರೆ ಜುಯಿನಗರವನ್ನು ದಾಟಿ ಬರುವ ನಿಲ್ದಾಣವೇ ನೆರೂಳು. ಅಲ್ಲಿಯ ಡಿ. ವೈ. ಪಾಟೀಲ ಕ್ರೀಡಾಂಗಣದಲ್ಲಿ 2022ರ ಅಕ್ಟೋಬರ್ 30ರಂದು ಹದಿನೇಳು ವರ್ಷದೊಳಗಿನ ಬಾಲಿಕೆಯರ ವಿಶ್ವಕಪ್ ಫುಟ್‌ಬಾಲಿನ ಅಂತಿಮ ಪಂದ್ಯ ನಡೆಯಿತು. 2025ರ ನವೆಂಬರ್ 2ರಂದು ಭಾರತದ ಮಹಿಳೆಯರು ಅದೇ ಅಂಗಣದಲ್ಲಿ ದಕ್ಷಿಣ ಆಫ್ರಿಕವನ್ನು 52 ಓಟಗಳಿಂದ ಸೋಲಿಸಿ ಮೊದಲ ಬಾರಿಗೆ ಕ್ರಿಕೆಟಿನ ವಿಶ್ವಕಪ್ಪನ್ನು ಗೆದ್ದರು. ಜಗತ್ತೇ ಕಣ್ಣಿಟ್ಟು ನೋಡಿದ ಆ ಅಂಗಣವು ನಮಗೆ ಎರಡೇ ನಿಲ್ದಾಣಗಳ ದೂರದಲ್ಲಿದೆ. ಆದರೆ ಕೂಲಿಕಾರನ ಮಗಳು ಅಂತಹ ಅಂಗಣದೊಳಗೆ ಆಟಗಾರ್ತಿಯಾಗಿ ಕಾಲಿಡಬೇಕಾದರೆ ಕ್ರಮಿಸಬೇಕಾದ ದೂರವನ್ನು ರೈಲಿನ ನಿಲ್ದಾಣಗಳಿಂದ ಅಳೆಯಲಾಗದು.

ಕಬಡ್ಡಿ, ಖೊಖೊ, ಓಟ ಮೊದಲಾದುವು ಖರ್ಚಿಲ್ಲದ ಆಟಗಳು, ಬಡವರು ಅವನ್ನು ಆಡಬಹುದಲ್ಲವೇ ಎಂದು ಕೆಲವರು ಹೇಳುವುದುಂಟು. ಈ ಮಾತು ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಓಣಿಯಲ್ಲಿ ಆಡುವವರೆಗೆ ಅದು ಸರಿಯೂ ಹೌದು. ಪಂದ್ಯಾಟಕ್ಕೆಂದು ಠಾಣೆಗೋ ಕಲ್ಯಾಣಕ್ಕೋ ಹೋಗಬೇಕಾದ ದಿನ ರೈಲಿನ ಟಿಕೇಟಿಗೆ ಹಣ ಬೇಕು. ಮಧ್ಯಾಹ್ನದ ಊಟಕ್ಕೆ ಬೇಕು. ಪ್ರವೇಶ ಶುಲ್ಕಕ್ಕೆ, ಸಮವಸ್ತ್ರಕ್ಕೆ ಬೇಕು. ದಿನವೂ ಅಭ್ಯಾಸ ಮಾಡುವ ದೇಹಕ್ಕೆ ಹಾಲೋ ಮೊಟ್ಟೆಯೋ ಬೇಕು. ಕಾಲು ಉಳುಕಿದರೆ ವೈದ್ಯನಿಗೆ ಕೊಡಬೇಕು. ಇವುಗಳಲ್ಲಿ ಯಾವುದೂ ದೊಡ್ಡ ಮೊತ್ತವಲ್ಲ. ಆದರೆ ಆ ದಿನದ ಕೂಲಿಯಿಂದಲೇ ಆ ದಿನದ ಅಕ್ಕಿಯನ್ನು ತರುವ ಮನೆಯಲ್ಲಿ ಚಿಕ್ಕ ಮೊತ್ತವೆಂಬುದೇ ಇರುವುದಿಲ್ಲ. ಇಂತಹ ಮನೆಯ ಹುಡುಗನು ತಂಡದಿಂದ ಹಿಂದೆ ಸರಿಯುವಾಗ ಕಾರಣವನ್ನೂ ಹೇಳುವುದಿಲ್ಲ. ‘ನನಗೆ ಆಟ ಇಷ್ಟವಿಲ್ಲ’ ಎಂದುಬಿಡುತ್ತಾನೆ. ನಾವು ಅದನ್ನು ನಂಬಿಬಿಡುತ್ತೇವೆ.

ಸಕಾಲದಲ್ಲಿ ಬಂದ ಸಹಾಯವು ಏನನ್ನು ಮಾಡಬಲ್ಲುದು ಎಂಬುದಕ್ಕೆ ನಾವು ನೆಲೆಸಿರುವ ಮಹಾರಾಷ್ಟ್ರದಲ್ಲಿಯೇ ಒಂದು ಉಜ್ವಲವಾದ ನಿದರ್ಶನವಿದೆ. ಕೃಷ್ಣಾ ನದಿಯು ನಮ್ಮ ವಿಜಯಪುರ, ಬಾಗಲಕೋಟೆಗಳ ಕಡೆಗೆ ಹರಿದು ಬರುವ ಮುನ್ನ ಹಾಯುವ ಊರು ಕರಾಡ. ಅದರ ಬಳಿಯ ಗೋಳೇಶ್ವರ ಗ್ರಾಮದಲ್ಲಿ 1926ರಲ್ಲಿ ಹುಟ್ಟಿದ ಖಾಶಾಬಾ ಜಾಧವರು ಪೈಲವಾನರ ಮನೆತನದವರು. 1948ರ ಲಂಡನ್ ಒಲಿಂಪಿಕ್ಸಿಗೆ ಕೊಲ್ಹಾಪುರದ ಮಹಾರಾಜರು ಅವರ ಖರ್ಚನ್ನು ಕೊಟ್ಟು ಕಳುಹಿಸಿದ್ದರು. ಅಲ್ಲಿ ಅವರಿಗೆ ಆರನೆಯ ಸ್ಥಾನ ದೊರೆಯಿತು. 1952ರಲ್ಲಿ ಹೆಲ್ಸಿಂಕಿಗೆ ಹೋಗುವ ಸಂದರ್ಭ ಒದಗಿದಾಗ ಕೈಯಲ್ಲಿ ಹಣವಿರಲಿಲ್ಲ. ಊರಿನ ಜನರು ಕೈಲಾದಷ್ಟನ್ನು ಕೂಡಿಸಿದರು. ಅವರು ಓದಿದ್ದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರಾದ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿಗಳನ್ನು ತಂದುಕೊಟ್ಟರು. ಜಾಧವರು ಆ ಒಲಿಂಪಿಕ್ಸಿನಲ್ಲಿ ಕಂಚಿನ ಪದಕವನ್ನು ಗಳಿಸಿದರು. ಸ್ವತಂತ್ರ ಭಾರತದ ಪ್ರಜೆಯೊಬ್ಬನು ವೈಯಕ್ತಿಕ ಸ್ಪರ್ಧೆಯಲ್ಲಿ ಗೆದ್ದ ಮೊದಲ ಒಲಿಂಪಿಕ್ ಪದಕವದು. ಸ್ವದೇಶಕ್ಕೆ ಮರಳಿದ ಮೇಲೆ ಅವರು ಕುಸ್ತಿಗಳನ್ನಾಡಿ, ಬಂದ ಹಣದಿಂದ ತಮ್ಮ ಗುರುಗಳ ಸಾಲವನ್ನು ತೀರಿಸಿದರೆಂಬುದು ಅವರ ಕೀರ್ತಿಗೆ ಇನ್ನಷ್ಟು ಶೋಭೆಯನ್ನು ತಂದಿದೆ.

ಈ ಕಥೆಯನ್ನು ಕೇಳಿ ಹೆಮ್ಮೆಪಡುವುದು ಸಹಜ. ಆದರೆ ಸ್ವಲ್ಪ ಯೋಚಿಸಿ ನೋಡಬೇಕು. ಖರ್ಡೇಕರರು ಮನೆಯನ್ನು ಒತ್ತೆಯಿಟ್ಟಾಗ ಪದಕವಿನ್ನೂ ಬಂದಿರಲಿಲ್ಲ. ಬರುತ್ತದೆಂಬ ಭರವಸೆಯೂ ಇರಲಿಲ್ಲ. ಗೆದ್ದವನಿಗೆ ಹಾರ ಹಾಕುವವರು ಸಾವಿರ ಜನ. ಗೆಲ್ಲುವ ಮುನ್ನ ಕೈಹಿಡಿಯುವವರು ವಿರಳ. ಕ್ರೀಡೆಗೆ ಕೊಡುವ ಸಹಾಯವು ಮೊದಲ ಮೆಟ್ಟಿಲಿನಲ್ಲಿಯೇ ದೊರೆಯಬೇಕೆಂಬುದು ನಮ್ಮ ಮುಖ್ಯವಾದ ಅಭಿಪ್ರಾಯ. ಇನ್ನೊಂದು ವಿಚಾರವೂ ಉಂಟು. ಗುರುವೊಬ್ಬನು ಮನೆಯನ್ನೇ ಒತ್ತೆಯಿಡಬೇಕಾದ ಸ್ಥಿತಿ ಯಾವ ಸಮಾಜಕ್ಕೂ ಭೂಷಣವಲ್ಲ. ನೂರು ಜನ ಹಂಚಿಕೊಂಡರೆ ಹಗುರವಾಗುವ ಹೊರೆಯನ್ನು ಒಬ್ಬನ ಹೆಗಲಿಗೆ ಹೊರಿಸಬಾರದು.

ಸರಕಾರವು ಏನೂ ಮಾಡುತ್ತಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಗೆ ಆಟದ ಮೈದಾನ ಬೇಕು, ಆಟದ ಸಾಮಾನುಗಳು ಬೇಕು ಎಂದು ವಿಧಿಸಿದೆ. 2017ರಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿದ ಖೇಲೋ ಇಂಡಿಯಾ ಯೋಜನೆಯಂತೆ, ಆಯ್ಕೆಯಾದ ಕ್ರೀಡಾಪಟುವಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ಸಹಾಯವು ಎಂಟು ವರ್ಷಗಳವರೆಗೆ ದೊರೆಯಬೇಕೆಂದು ನಿಗದಿಯಾಯಿತು. ಇದು ಸ್ತುತ್ಯವಾದ ಏರ್ಪಾಡು. ಆದರೆ ‘ಆಯ್ಕೆಯಾದ’ ಎಂಬ ಮಾತನ್ನು ಗಮನಿಸಬೇಕು. ಆಯ್ಕೆಗಾರರ ಕಣ್ಣಿಗೆ ಬೀಳುವಷ್ಟು ಪಂದ್ಯಗಳನ್ನು ಆಡಿದವನು ಮಾತ್ರ ಆಯ್ಕೆಯಾಗಬಲ್ಲ. ಮೊದಲ ಪಂದ್ಯಕ್ಕೆ ರೈಲಿನ ಟಿಕೇಟಿಲ್ಲದೆ ಮನೆಯಲ್ಲಿ ಉಳಿದವನ ಹೆಸರು ಆ ಪಟ್ಟಿಯವರೆಗೆ ಹೇಗೆ ಹೋದೀತು? ಮೇಲಿನ ಮೆಟ್ಟಿಲುಗಳನ್ನು ಸರಕಾರ ಕಟ್ಟಿದೆ. ಕೆಳಗಿನ ಮೆಟ್ಟಿಲನ್ನು ಶಾಲೆ, ಊರು, ನೆರೆಹೊರೆಗಳು ಕಟ್ಟಬೇಕು.

ಕನ್ನಡ ನಾಡಿನ ಎರಡು ಉದಾಹರಣೆಗಳನ್ನೂ ಇಲ್ಲಿ ಸ್ಮರಿಸಬಹುದು. ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರ ತಂದೆ ವಾಹನ ಚಾಲಕರು. ದೊಡ್ಡ ಸಂಸಾರ, ಚಿಕ್ಕ ಸಂಪಾದನೆ. ಉಜಿರೆಯ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರು ಭಾರ ಎತ್ತುವ ವಿದ್ಯೆಯನ್ನು ಕಲಿತರು. 2018ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿಯನ್ನೂ 2022ರಲ್ಲಿ ಕಂಚನ್ನೂ ಗೆದ್ದರು. ವಿದ್ಯಾಸಂಸ್ಥೆಯೊಂದರಲ್ಲಿ ಓದು ಮತ್ತು ಕ್ರೀಡೆ ಒಂದೇ ಸೂರಿನಡಿ ನಡೆದರೆ ಆಗುವ ಪ್ರಯೋಜನ ಇದು. ಎರಡನೆಯ ಉದಾಹರಣೆ ವಿಷಾದದ್ದು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಉತ್ತರ ಕನ್ನಡದ ಸಿದ್ದಿ ಜನಾಂಗದ ಮಕ್ಕಳನ್ನು ಆರಿಸಿ, ಅವರಿಗೆ ಊಟ, ವಸತಿ, ಓದು, ತರಬೇತಿಗಳನ್ನು ಕೊಡಲು ತೊಡಗಿತು. ಕಾಡಿನಂಚಿನ ಮಕ್ಕಳು ರಾಷ್ಟ್ರಮಟ್ಟದ ಓಟಗಳಲ್ಲಿ ಪದಕಗಳನ್ನು ಪಡೆಯತೊಡಗಿದರು. ಆದರೆ 1990ರ ದಶಕದ ಮೊದಲ ಭಾಗದಲ್ಲಿಯೇ ಆ ಏರ್ಪಾಡು ನಿಂತುಹೋಯಿತು. ಹಲವರು ಮತ್ತೆ ಕೂಲಿಯ ಕೆಲಸಕ್ಕೆ ಮರಳಿದರು. ಸಸಿಯನ್ನು ನೆಟ್ಟು ನಡುವೆ ನೀರು ನಿಲ್ಲಿಸುವುದು ನೆಡದೆ ಇರುವುದಕ್ಕಿಂತಲೂ ಕ್ರೂರವಾದುದು. ಸಹಾಯವು ಬೇಗ ಬರಬೇಕೆಂಬುದು ಎಷ್ಟು ಮುಖ್ಯವೋ, ನಡುವೆ ನಿಲ್ಲಬಾರದೆಂಬುದೂ ಅಷ್ಟೇ ಮುಖ್ಯ.

ಹಾಗಾದರೆ ನಾವು ಮಾಡಬೇಕಾದುದೇನು? ನಮ್ಮ ಶಾಲೆಯಲ್ಲಿ ಒಂದು ಕ್ರೀಡಾ ನಿಧಿಯನ್ನು ಸ್ಥಾಪಿಸಬೇಕೆಂದು ಸೂಚಿಸುತ್ತೇವೆ. ಹಳೆಯ ವಿದ್ಯಾರ್ಥಿಗಳೂ ಊರಿನ ಕನ್ನಡ ವ್ಯಾಪಾರಸ್ಥರೂ ಪ್ರತಿವರ್ಷ ಅದಕ್ಕೆ ಕೈಲಾದಷ್ಟನ್ನು ಕೊಡಲಿ. ನಾವೂ ಹುಟ್ಟುಹಬ್ಬದ ಮಿಠಾಯಿಯ ಹಣದಲ್ಲಿ ಒಂದು ಪಾಲನ್ನು ಅದಕ್ಕೆ ಹಾಕೋಣ. ಹನಿ ಹನಿಗೂಡಿದರೆ ಹಳ್ಳವಲ್ಲವೇ? ಕಾಲಿಗೆ ಚಿಕ್ಕದಾದ ಬೂಟುಗಳನ್ನು ಮೂಲೆಗೆಸೆಯದೆ, ತೊಳೆದು ಶಾಲೆಯ ಕಪಾಟಿನಲ್ಲಿಟ್ಟರೆ ಇನ್ನೊಬ್ಬರ ಕಾಲಿಗಾದಾವು. ನಿಧಿಯಿಂದ ಪ್ರಯಾಣ, ಊಟ, ಶುಲ್ಕ, ಔಷಧಗಳ ಖರ್ಚು ನಡೆಯಲಿ. ಸೋತ ವರ್ಷದಲ್ಲಿಯೂ ಸಹಾಯ ಮುಂದುವರಿಯಲಿ. ವರ್ಷದ ಕೊನೆಯಲ್ಲಿ ಜಮಾಖರ್ಚಿನ ಲೆಕ್ಕವು ಇದೇ ಪತ್ರಿಕೆಯಲ್ಲಿ ಪ್ರಕಟವಾಗಲಿ. ಪಡೆದವರ ಹೆಸರುಗಳು ಮಾತ್ರ ಪ್ರಕಟವಾಗದಿರಲಿ. ಪ್ರಾರ್ಥನೆಯ ಸಾಲಿನಲ್ಲಿ ಹೆಸರು ಕೂಗಿ ಬೂಟು ಕೊಟ್ಟರೆ, ಆ ಬೂಟು ಕಾಲಿಗಿಂತ ಮೊದಲು ಮನಸ್ಸನ್ನು ಕಚ್ಚುತ್ತದೆ. ಸ್ವಾಭಿಮಾನವುಳ್ಳ ಹುಡುಗನು ಅದನ್ನು ತೊಡಲಾರ.

ಬಾಲಿಕೆಯರಿಗೆ ಈ ನಿಧಿಯಲ್ಲಿ ಸಮಪಾಲು ಇರಬೇಕು. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ವಿರುದ್ಧ ಕೇವಲ 15 ಓಟಗಳನ್ನು ಕೊಟ್ಟು 5 ವಿಕೆಟ್ಟುಗಳನ್ನು ಪಡೆದ ರಾಜೇಶ್ವರಿ ಗಾಯಕವಾಡರು ವಿಜಯಪುರದವರು. ನಮ್ಮ ಎಷ್ಟೋ ಸಹಪಾಠಿಗಳ ತಾಯಿತಂದೆಯರ ಜಿಲ್ಲೆಯೂ ಅದೇ. ಪ್ರತಿಭೆ ಆ ಮಣ್ಣಿನಲ್ಲಿ ಇಲ್ಲವೆಂದು ಯಾರೂ ಹೇಳುವಂತಿಲ್ಲ.

ಬಡವನ ಮಗನಿಗೆ ಮೊದಲು ಓದು, ಆಮೇಲೆ ಆಟ ಎಂಬುವರಿಗೆ ನಮ್ಮ ವಿನಯಪೂರ್ವಕವಾದ ಉತ್ತರವಿಷ್ಟೆ. ಓದು ಮೊದಲೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಶ್ರೀಮಂತರ ಮಕ್ಕಳಿಗೆ ಎರಡೂ ಬೇಕೆಂದು ಹೇಳುವ ನಾವು ಬಡವರ ಮಕ್ಕಳಿಗೆ ಒಂದು ಸಾಕೆಂದು ಯಾವ ನ್ಯಾಯದಿಂದ ಹೇಳೋಣ? ನಿಧಿಯ ನೆರವನ್ನು ಪಡೆದವರೆಲ್ಲರೂ ಪದಕ ತರಬೇಕಾಗಿಲ್ಲ. ಸಂಜೆಯ ಒಂದು ಗಂಟೆ ನಿಶ್ಚಿಂತೆಯಿಂದ ಆಡಿ, ದೃಢಕಾಯರಾಗಿ, ನಾಲ್ಕು ಜನರೊಡನೆ ಸಮನಾಗಿ ನಿಲ್ಲಲು ಕಲಿತರೆ ಕೊಟ್ಟ ಹಣ ಸಾರ್ಥಕವಾಯಿತು.

ವಿದ್ಯಾರ್ಥಿ ಬಾಂಧವರೇ, ಹಗಲೆಲ್ಲ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ಮುಂಬಯಿಯ ನಮ್ಮ ಹಿರಿಯರು ಒಂದು ಕಾಲದಲ್ಲಿ ಕನ್ನಡದ ರಾತ್ರಿ ಶಾಲೆಗಳನ್ನು ತೆರೆದರು. ಅವರಲ್ಲಿ ಬಹುಮಂದಿ ಧನಿಕರಾಗಿರಲಿಲ್ಲ. ತಮ್ಮ ಊರಿನ ಹುಡುಗನು ಅಕ್ಷರವಿಲ್ಲದೆ ಉಳಿಯಬಾರದೆಂಬ ಕಳಕಳಿ ಅವರಲ್ಲಿತ್ತು. ಅಂದು ಅವರು ಪಾಠದ ಕೋಣೆಯ ಬಾಗಿಲನ್ನು ತೆರೆದರು. ಮೈದಾನದ ಬಾಗಿಲನ್ನು ತೆರೆಯುವ ಕೆಲಸ ನಮ್ಮ ಪಾಲಿಗೆ ಉಳಿದಿದೆ. ಮುಂದಿನ ಕ್ರೀಡೋತ್ಸವದ ದಿನ ಓಟದ ಗೆರೆಯ ಮೇಲೆ ನಿಲ್ಲುವಾಗ, ಬರಬೇಕಾಗಿದ್ದು ಬಾರದೆ ಉಳಿದವರು ಯಾರೆಂದು ಒಮ್ಮೆ ಅಕ್ಕಪಕ್ಕ ನೋಡೋಣ. ಮತ್ತು ಅವರನ್ನು ಕರೆತರುವ ಕಾರ್ಯವನ್ನು ಈ ವರ್ಷವೇ ಆರಂಭಿಸೋಣ.