ಹೊಸ ವಿಂಡೋಸ್ ಬಂತು, ನಮ್ಮ ಕನ್ನಡ ಎಲ್ಲಿ ಹೋಯ್ತು?

ಶಾಲೆಯ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿಸುವಾಗ ಎಲ್ಲರೂ ಕೇಳೋದು ಎರಡೇ ಪ್ರಶ್ನೆ. ಎಷ್ಟು ಖರ್ಚಾಗುತ್ತೆ, ಎಷ್ಟು ಹೊತ್ತು ಬೇಕು. ಕನ್ನಡ ಶಾಲೆಯಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು ಅನ್ನೋದು ನನ್ನ ಅಭಿಪ್ರಾಯ: ಇದರೊಳಗಿರುವ ಕನ್ನಡ ಏನಾಗುತ್ತೆ? ಮಕ್ಕಳೇ, ಈ ಪ್ರಶ್ನೆಯನ್ನು ಮೇಷ್ಟ್ರು ಕೇಳ್ತಾರೆ ಅಂತ ಸುಮ್ಮನಿರಬೇಡಿ. ನೀವೇ ಕೇಳಿ.

2014ರ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿಯ ಬೆಂಬಲ ನಿಂತಿತು. 2020ರ ಜನವರಿ 14ಕ್ಕೆ ವಿಂಡೋಸ್ 7ರ ಸರದಿ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸರದಿ. ಒಂದೊಂದು ಸಲ ಹೀಗಾದಾಗಲೂ ಊರೂರಿನ ಶಾಲೆಗಳಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಹಾಕುವ ಕೆಲಸ ನಡೆಯುತ್ತೆ. ನಮ್ಮ ಗೋರಂಟ್ಲ ಕಡೆಯ ಒಂದು ಶಾಲೆಯಲ್ಲಿ ಹಾಗೆ ಹಾಕಿಸಿದ ಮಾರನೇ ದಿನ ನೋಡಿದರೆ ನುಡಿ ತಂತ್ರಾಂಶ ಇಲ್ಲ, ಹಳೆಯ ವಿಜ್ಞಾನ ಪಾಠಗಳ ಚಲನಚಿತ್ರಗಳು ಓಡ್ತಿಲ್ಲ. ವರ್ಷಗಟ್ಟಲೆ ಟೈಪು ಮಾಡಿಟ್ಟ ಪ್ರಶ್ನೆಪತ್ರಿಕೆ, ನೋಟ್ಸು, ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳು ಬರೆದ ವರದಿ ಎಲ್ಲ ತೆರೆದುಕೊಳ್ಳುತ್ತವೆ, ಆದರೆ ಪರದೆ ತುಂಬ ಗೀಟು ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು. ರಿಪೇರಿಗೆ ಬಂದವರು ನೋಡಿ, "ಕರಪ್ಟ್ ಆಗಿದೆ ಸಾರ್, ಡಿಲೀಟ್ ಮಾಡಿಬಿಡಿ, ಜಾಗ ಆದ್ರೂ ಉಳಿಯುತ್ತೆ" ಅಂದರು.

ಡಿಲೀಟ್ ಮಾಡಲಿಲ್ಲ, ಪುಣ್ಯ. ಯಾಕಂದ್ರೆ ಆ ಫೈಲುಗಳಿಗೆ ಏನೂ ಆಗಿರಲಿಲ್ಲ.

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಇಂಗ್ಲಿಷಿನ ದೊಡ್ಡ 'ಪಿ' ಅಂದ್ರೆ ಅದಕ್ಕೆ 80. ನುಡಿಯಂಥ ತಂತ್ರಾಂಶಗಳು ಬಂದ ಕಾಲದಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿದ್ದದ್ದು 0ರಿಂದ 255ರವರೆಗಿನ ಸಂಖ್ಯೆಗಳು, ಅವುಗಳಲ್ಲಿ ಕನ್ನಡಕ್ಕೆ ಅಂತ ಜಾಗವೇ ಇರಲಿಲ್ಲ. ಆಗ ನಮ್ಮವರು ಒಂದು ಉಪಾಯ ಮಾಡಿದರು. 80ನೇ ಜಾಗದಲ್ಲಿದ್ದ 'ಪಿ' ಚಿತ್ರ ತೆಗೆದು ಅಲ್ಲಿ ತಲೆಕಟ್ಟಿಲ್ಲದ 'ಕ' ಚಿತ್ರ ಕೂರಿಸಿದರು. 192ನೇ ಜಾಗದಲ್ಲಿ ತಲೆಕಟ್ಟು. ಹೀಗೆ ನುಡಿಯ ಹಳೆಯ ಫಾಂಟಿನಲ್ಲಿ 'ಕನ್ನಡ' ಅಂತ ಬರೆದರೆ ಫೈಲಿನೊಳಗೆ ಕೂರೋದು ಏಳು ಸಂಖ್ಯೆ: 80, 192, 163, 192, 223, 113, 192. ಮೂರು ತಲೆಕಟ್ಟಿಗೆ ಮೂರು 192, ನೋಡಿಕೊಳ್ಳಿ. ಫಾಂಟ್ ಇದ್ದರೆ ಇದು 'ಕನ್ನಡ'. ಫಾಂಟ್ ಇಲ್ಲದಿದ್ದರೆ ಕಂಪ್ಯೂಟರ್ ತನಗೆ ಗೊತ್ತಿರುವ ಇಂಗ್ಲಿಷ್ ಲೆಕ್ಕದಲ್ಲೇ ಓದುತ್ತೆ: ಪಿ, ಗೀಟಿನ ಎ, ಪೌಂಡು ಗುರುತು, ಮತ್ತೆ ಗೀಟಿನ ಎ... ಅದನ್ನೇ ಆವತ್ತು 'ಕರಪ್ಟ್' ಅಂದದ್ದು. ಸಂಖ್ಯೆ ಒಂದೂ ಅಲುಗಿರಲಿಲ್ಲ. ಕನ್ನಡಕ ಕಳೆದುಹೋದ ಅಜ್ಜನ ಕೈಗೆ ಪುಸ್ತಕ ಕೊಟ್ಟ ಹಾಗಾಗಿತ್ತು, ಅಷ್ಟೇ.

ಹಾಗಾದರೆ ಫಾಂಟ್ ಎಲ್ಲಿ ಹೋಯ್ತು? ಹಳೆಯ ಡ್ರೈವನ್ನು ಪೂರ್ತಿ ಫಾರ್ಮ್ಯಾಟ್ ಮಾಡದೆ ಹೊಸ ವಿಂಡೋಸ್ ಹಾಕಿದ್ದರೆ, ಹಳೆಯದನ್ನೆಲ್ಲ ಅದು 'ವಿಂಡೋಸ್ ಡಾಟ್ ಓಲ್ಡ್' ಅನ್ನೋ ಫೋಲ್ಡರಿಗೆ ತಳ್ಳಿಟ್ಟಿರುತ್ತೆ. ಸಿ ಡ್ರೈವ್ ತೆರೆದರೆ ಕಾಣಿಸುತ್ತೆ. ಅದರೊಳಗಿನ ಫಾಂಟ್ಸ್ ಫೋಲ್ಡರಿನಲ್ಲಿ ನುಡಿಯ ಫಾಂಟುಗಳು ಹಾಗೇ ಕೂತಿರುತ್ತವೆ. ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಅಂದರೆ ಸಾಕು, ಹಳೆಯ ಫೈಲು ಮತ್ತೆ ಕನ್ನಡ ಮಾತಾಡುತ್ತೆ. ಆದರೆ ತಡ ಮಾಡಬಾರದು. ವಿಂಡೋಸ್ 10 ಮತ್ತು 11ರಲ್ಲಿ ಈ ಫೋಲ್ಡರ್ ಸಾಮಾನ್ಯವಾಗಿ 10 ದಿನವಾದ ಮೇಲೆ ತಾನಾಗಿ ಅಳಿಸಿಹೋಗುತ್ತೆ. ದಸರಾ ರಜೆಗೆ ಮುಂಚೆ ಅಪ್‌ಗ್ರೇಡ್ ಮಾಡಿಸಿ, ರಜೆ ಮುಗಿಸಿ ಬಂದು ಹುಡುಕಿದರೆ ಸಿಗಲ್ಲ.

ಫಾಂಟ್ ನಕಲು ಮಾಡಿದ ಹಾಗೆ ತಂತ್ರಾಂಶವನ್ನೂ ಆ ಫೋಲ್ಡರಿನಿಂದ ನಕಲು ಮಾಡಿ ತರಬಹುದಾ ಅಂತ ಕೇಳಬಹುದು. ಬಹುತೇಕ ತಂತ್ರಾಂಶಗಳಲ್ಲಿ ಆಗಲ್ಲ. ಫಾಂಟ್ ಒಂದೇ ಫೈಲು. ತಂತ್ರಾಂಶ ಹಾಗಲ್ಲ, ಇನ್‌ಸ್ಟಾಲ್ ಆಗುವಾಗ ತನ್ನ ವಿವರವನ್ನು ರಿಜಿಸ್ಟ್ರಿ ಅನ್ನೋ ದಾಖಲೆ ಪುಸ್ತಕದಲ್ಲಿ ಬರೆಸಿಕೊಂಡಿರುತ್ತೆ, ತನಗೆ ಬೇಕಾದ ಇನ್ನಷ್ಟು ಫೈಲುಗಳನ್ನು ಬೇರೆ ಬೇರೆ ಕಡೆ ಇಟ್ಟಿರುತ್ತೆ. ಹೊಸ ವಿಂಡೋಸಿಗೆ ಹೊಸ ರಿಜಿಸ್ಟ್ರಿ. ಅದರಲ್ಲಿ ಹೆಸರಿಲ್ಲದ ತಂತ್ರಾಂಶವನ್ನು ಅದು ಗುರುತಿಸಲ್ಲ. ಅದಕ್ಕೇ ಇನ್‌ಸ್ಟಾಲ್ ಮಾಡುವ ಮೂಲ ಫೈಲನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ ಅನ್ನೋದು. ಕೆಲವಕ್ಕೆ ಮೂಲ ಫೈಲಿದ್ದರೂ ಸಾಲದು. ವಿಂಡೋಸ್ 95ಕ್ಕೂ ಹಿಂದಿನ ಕಾಲದ 16 ಬಿಟ್ ತಂತ್ರಾಂಶಗಳು 64 ಬಿಟ್ ವಿಂಡೋಸಿನಲ್ಲಿ ಓಡೋದೇ ಇಲ್ಲ. ಡಾಸ್ ಕಾಲದವಾದರೆ ಡಾಸ್‌ಬಾಕ್ಸ್ ಅನ್ನೋ ಉಚಿತ ತಂತ್ರಾಂಶದೊಳಗೆ ಓಡಿಸಬಹುದು.

ಓಡದೇ ಹೋದ ವಿಜ್ಞಾನ ಪಾಠಗಳ ಕಥೆ ಬೇರೆ. ಅವು ಫ್ಲಾಶ್‌ನಲ್ಲಿ ಮಾಡಿದ್ದವು. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲಾಶ್ ನಿಲ್ಲಿಸಿತು. ರಫಲ್ ಅನ್ನೋ ಮುಕ್ತ ತಂತ್ರಾಂಶ ಇವುಗಳಲ್ಲಿ ಬಹಳಷ್ಟನ್ನು ಮತ್ತೆ ಓಡಿಸುತ್ತೆ. ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ತಂಡದವರು, ಅದೇ, ಭೌತಶಾಸ್ತ್ರಜ್ಞ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ತಮ್ಮ ಫ್ಲಾಶ್ ಮತ್ತು ಜಾವಾ ಪ್ರಯೋಗಗಳಲ್ಲಿ ಬಹಳಷ್ಟನ್ನು ಎಚ್‌ಟಿಎಂಎಲ್ 5ಕ್ಕೆ ಬದಲಾಯಿಸಿದರು. ಮಾಡಿದವರೇ ನಿಂತು ಕಾಪಾಡಿದರೆ ಹಳೆಯ ಕೆಲಸ ಉಳಿಯುತ್ತೆ. ನಮ್ಮ ಪ್ರಶ್ನೆಪತ್ರಿಕೆ ಮಾಡಿದವರು ನಾವೇ, ಕಾಪಾಡೋಕೆ ಕೊಲರಾಡೋದಿಂದ ಯಾರೂ ಬರಲ್ಲ.

ಇಷ್ಟೆಲ್ಲ ತಲೆನೋವು ಯಾಕೆ, ಹಳೆಯ ವಿಂಡೋಸೇ ಇರಲಿ ಬಿಡಿ ಅನ್ನೋರಿದ್ದಾರೆ. ನಾನು ಒಪ್ಪಲ್ಲ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನೋ ಪಿಡುಗು ಲೋಕದ ತುಂಬ ಹಬ್ಬಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ನಮ್ಮ ಆಂಧ್ರದ ಕೆಲವು ಪೊಲೀಸ್ ಠಾಣೆಗಳ ಕಂಪ್ಯೂಟರುಗಳಿಗೂ ತಗುಲಿತ್ತು. ಆ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಸಿಕ್ಕಿಬಿದ್ದದ್ದು ಹಾಕಿಕೊಳ್ಳದವರು. ಇಂಟರ್‌ನೆಟ್ ಇರೋ ಕಂಪ್ಯೂಟರಿಗೆ ಅಪ್‌ಗ್ರೇಡ್ ಬೇಕೇ ಬೇಕು. ಬೇಡವಾದದ್ದು ಕನ್ನಡವನ್ನು ಮರೆತು ಮಾಡೋ ಅಪ್‌ಗ್ರೇಡ್.

ಗಡಿನಾಡಿನವರಾದ ನಮಗೆ ಇದು ಇನ್ನೂ ಜಾಸ್ತಿ ತಟ್ಟುತ್ತೆ. ಬೆಂಗಳೂರಿನಲ್ಲಿ ಸಿಗೋ ಕನ್ನಡ ಗೈಡು ಕರ್ನಾಟಕದ ಪಠ್ಯಕ್ಕೆ ಬರೆದದ್ದು, ನಮ್ಮದು ಆಂಧ್ರದ ಪಠ್ಯ. ಹಾಗಾಗಿ ಮೇಷ್ಟ್ರು ಟೈಪು ಮಾಡಿದ ನೋಟ್ಸೇ ನಿಮಗೆ ಗೈಡು. ಫೈಲು ಓದೋಕೆ ಬರಲಿಲ್ಲ ಅಂತ ಹಿಂದೂಪುರದ ಡಿಟಿಪಿ ಅಂಗಡಿಗೆ ಹೋದರೆ ಅಲ್ಲಿ ತೆಲುಗಿನ ಅನು ಫಾಂಟ್ ಇರುತ್ತೆ, ನುಡಿ ಇರುತ್ತೆ ಅನ್ನೋ ಭರವಸೆ ಇಲ್ಲ. (ಅನು ಫಾಂಟಿನದ್ದೂ ಇದೇ ಕಾಯಿಲೆ, ತೆಲುಗು ಮೀಡಿಯಂ ಗೆಳೆಯರಿಗೂ ಹೇಳಿ.) ಅತ್ತ ಕಾಸರಗೋಡಿನ ಕನ್ನಡ ಶಾಲೆಗಳನ್ನು ನೋಡಿ. ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಸಿದ್ಧ ಮಾಡಿದ ಲಿನಕ್ಸ್ ಅಲ್ಲಿ ಬಳಕೆಯಲ್ಲಿದೆ. ಪಾಠಕ್ಕೆ ಬೇಕಾದ ತಂತ್ರಾಂಶಗಳು ಅದರ ಜೊತೆಗೇ ಬರುತ್ತವೆ. ಅಪ್‌ಗ್ರೇಡ್ ಆದ ಮೇಲೆ ಒಂದೊಂದನ್ನೇ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಇಲ್ಲಿಯೂ ಆ ಥರ ಆಗಬೇಕು ಅಂತ ನಾವು ಶಿಕ್ಷಕರು ಕೇಳಬೇಕು, ಅದು ನಮ್ಮ ಪಾಲಿನ ಕೆಲಸ.

ನಿಮ್ಮ ಪಾಲಿಗೆ ಬರೋದು ಯೂನಿಕೋಡ್. 1991ರಲ್ಲಿ ಬಂದ ಇದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತು, 3200ರಿಂದ 3327ರವರೆಗೆ. ಅಲ್ಲಿ 'ಕನ್ನಡ' ಅಂದರೆ 3221, 3240, 3277, 3240, 3233. ಈ 3221 ಯಾವ ಕಂಪ್ಯೂಟರಿನಲ್ಲೂ, ನಿಮ್ಮಪ್ಪನ ಮೊಬೈಲಿನಲ್ಲೂ 'ಕ'ನೇ, 'ಪಿ' ಆಗಲ್ಲ. ಈಗಿನ ವಿಂಡೋಸಿನಲ್ಲಿ ಕನ್ನಡ ಕೀಲಿಮಣೆ ಜೊತೆಗೇ ಬರುತ್ತೆ, ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡರಾಯಿತು. ನುಡಿಯ ಕೀಲಿ ಜೋಡಣೆ ರೂಢಿಯಾದವರಿಗೆ ಲಿನಕ್ಸಿನಲ್ಲಿ 'ಕಗಪ' ಅನ್ನೋ ಹೆಸರಲ್ಲಿ ಅದೂ ಇದೆ.

ಇನ್ನು ಹಳೆಯ ಫೈಲುಗಳು. ಅವನ್ನು ಯೂನಿಕೋಡಿಗೆ ಬದಲಾಯಿಸುವ ಉಚಿತ ಪರಿವರ್ತಕಗಳಿವೆ. ಮೂಲ ಫೈಲಿನ ಒಂದು ಪ್ರತಿ ತೆಗೆದಿಟ್ಟು, ಇನ್ನೊಂದರ ಮೇಲೆ ಕೆಲಸ ಮಾಡಿ. ಯಂತ್ರ ಮಾಡಿದ್ದನ್ನು ಹಾಗೇ ನಂಬಬೇಡಿ. 'ಸೂರ್ಯ' ಅನ್ನೋ ಪದದ ಅರ್ಕಾವೊತ್ತು ಹಳೆಯ ಫಾಂಟಿನಲ್ಲಿ ಕೊನೆಗೆ ಬರುತ್ತೆ, ಯೂನಿಕೋಡಿನಲ್ಲಿ 'ರ್' ಮೊದಲು ಬಂದು ಆಮೇಲೆ 'ಯ'. ಅದನ್ನು ಹಿಂದೆ ಮುಂದೆ ಮಾಡುವಾಗ ಕೆಲವು ಪರಿವರ್ತಕಗಳು ಎಡವುತ್ತವೆ. ಅದಕ್ಕಿಂತ ತಮಾಷೆ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲಿ. ನುಡಿಯ ಹಳೆಯ ಫಾಂಟಿನಲ್ಲಿ ಇಂಗ್ಲಿಷಿನ ದೊಡ್ಡ 'ಎಚ್' ಜಾಗದಲ್ಲಿ 'ಊ', 'ಓ' ಜಾಗದಲ್ಲಿ 'ಔ', 'ಸಿ' ಜಾಗದಲ್ಲಿ 'ಅ' ಕೂತಿವೆ. ಯಾವುದು ನಿಜವಾದ ಇಂಗ್ಲಿಷ್ ಅಂತ ಪರಿವರ್ತಕಕ್ಕೆ ತಿಳಿಯದಿದ್ದರೆ ನೀರಿನ ಸೂತ್ರ 'ಊ2ಔ' ಆಗುತ್ತೆ, ಇಂಗಾಲದ ಡೈಆಕ್ಸೈಡ್ 'ಅಔ2' ಆಗುತ್ತೆ. ನೀರಿಗೆ ಊ2ಔ ಅಂತ ಬರೆದಿರೋದು ತಪ್ಪು ಅಂತ ಕಂಪ್ಯೂಟರ್ ಹೇಳಲ್ಲ, ಒಂಬತ್ತನೇ ಕ್ಲಾಸಿನ ಹುಡುಗಿ ಹೇಳ್ತಾಳೆ. ನಿಮ್ಮ ಶಾಲೆಯಲ್ಲಿ ಇಂಥ ಫೈಲುಗಳಿದ್ದರೆ, ದಿನಕ್ಕೆ ಇಬ್ಬರಂತೆ ಕೂತು ಒಂದು ಪುಟ ಓದಿ ತಿದ್ದಿ. ಶುರು ಮಾಡೋಕೆ ಮುಂಚೆ ವಿಜ್ಞಾನದ ಮೇಷ್ಟ್ರಿಗೆ ಹೇಳಿ, ಯಾವ ವರ್ಷದ ಪತ್ರಿಕೆ ಮೊದಲು ಬೇಕು ಅನ್ನೋದನ್ನ ಅವರೇ ಆರಿಸಿಕೊಡ್ತಾರೆ.